ಶಾಲೆಯ ಫಿಲ್ಟರ್, ಆಡಿಟರ್ ಬಾಟಲಿ

ಕೇಳ್ರಪ್ಪಾ, ಇವತ್ತು ನಾನೊಂದು ತಲೆಹರಟೆ ಮಾಡಿದೆ. ಮೂಕಂಡಪಲ್ಲಿ ಶಾಲೆಗೆ ನಮ್ಮ ಫ್ಯಾಕ್ಟರಿ ಕೊಟ್ಟ ವಾಟರ್ ಫಿಲ್ಟರ್ ಕೆಟ್ಟು ತಿಂಗಳಾಯ್ತು; ಟೀಚರಮ್ಮ ಮತ್ತೆ ಫೋನ್ ಮಾಡಿದ್ರು. ನಾನಿರೋದು ಕ್ವಾಲಿಟಿ ವಿಭಾಗದಲ್ಲಿ. ಕಸ್ಟಮರ್ ಕಂಪ್ಲೇಂಟ್ ಫಾರಂ ತುಂಬಿದ್ರೆ ಯಾರಾದ್ರೂ ಹೋಗಿ ಸರಿಮಾಡಲೇಬೇಕು, ಅದು ನಮ್ಮ ಐಎಸ್‌ಒ ಗುಣಮಟ್ಟದ ಸರ್ಟಿಫಿಕೇಟಿನ ನಿಯಮ. ಶಾಲೆ ಹೆಸರಲ್ಲೇ ತುಂಬಿ ಮ್ಯಾನೇಜರ್‌ಗೆ ಕೊಟ್ಟೆ.

"ಏನ್ಲಾ ಇದು, ಸ್ಕೂಲು ನಮ್ ಕಸ್ಟಮರ್ರಾ? ಫಿಲ್ಟರ್ ಕೊಟ್ಟಿದ್ದರ ಫೋಟೋ ಫೈಲಲ್ಲಿ ಐತೆ, ಸಾಕು" ಅಂತ ಫಾರಂ ಮಗುಚಿ ಟೇಬಲ್ ಮೇಲಿಟ್ರು.

ಮಧ್ಯಾಹ್ನ ಆ ಐಎಸ್‌ಒ ನಿಯಮ ಪಾಲಿಸ್ತಿದ್ದೀವಾ ಅಂತ ನೋಡೋಕೆ ಆಡಿಟರ್ ಬಂದ್ರು. ಫೋಟೋ ನೋಡಿ, ಸಮಾಜಸೇವೆ ಚೆನ್ನಾಗಿದೆ ಅಂದ್ರು.

"ಕಂಪ್ಲೇಂಟ್ ಏನಾದ್ರೂ ಇದೆಯಾ?"

"ಒಂದೂ ಇಲ್ಲ ಸಾರ್" ಅಂದ್ರು ನಮ್ಮ ಮ್ಯಾನೇಜರ್, ಅವರ ಮುಂದೆ ತಣ್ಣನೆ ನೀರಿನ ಬಾಟಲಿ ಇಡ್ತಾ. ಟೇಬಲ್ ಒದ್ದೆ ಆಗ್ಬಾರ್ದು ಅಂತ ಬಾಟಲಿ ಕೆಳಗೆ ನನ್ನ ಫಾರಂ ಹಾಕಿದ್ರು.