ಕಡಲೆ ಹೊಲದಲ್ಲಿ ಹಾಸಿದ ಧೋತರ

ನಮ್ಮ ಅತ್ತೆಯವರಿಗೆ ತಮ್ಮನ ಮೇಲೆ ಎಷ್ಟು ಪ್ರೀತಿಯೋ, ಹೊಲದ ಬದುವಿನ ಜಾಲಿಕಂಟಿಯ ಪೊದೆಯಲ್ಲಿದ್ದ ಕೌಜುಗ ಹಕ್ಕಿಗಳ ಜೋಡಿಯ ಮೇಲೂ ಅಷ್ಟೇ. ಆ ತಮ್ಮ, ನನ್ನ ಗಂಡನ ಸೋದರಮಾವ, ಕಡಲೆ ಹೂ ಬಿಡುವ ಹೊತ್ತಿಗೆ ಯಮನೂರಿನ ಹತ್ತಿರದ ನಮ್ಮ ಊರಿಗೆ ಪಂಜರ ಹಿಡಿದುಕೊಂಡೇ ಬರುವವರು. ಪಂಜರದಲ್ಲಿ ಸಾಕಿದ ಗಂಡು ಕೌಜುಗ. ನಸುಕಿನಲ್ಲಿ ಅದು ಕೂಗಿದರೆ ಹೊಲದ ಗಂಡು ಜಗಳಕ್ಕೆಂದು ಓಡಿ ಬಂದು ಸುತ್ತ ಹೂಡಿದ ಉರುಲಿಗೆ ಬೀಳುತ್ತದೆ. ನಾನು ಮದುವೆಯಾಗಿ ಬಂದಾಗ ಆ ಕೂಗಿಗೆ ನಾಲ್ಕೂ ದಿಕ್ಕಿನಿಂದ ಉತ್ತರ ಬರುತ್ತಿತ್ತು. ಈಗ ಆ ಒಂದು ಕಂಟಿಯಿಂದ ಮಾತ್ರ.

ಹೋದ ಚಳಿಗಾಲದಲ್ಲೂ ಬಂದರು.

"ಉಳದದ್ದು ಒಂದ ಜೋಡಿ. ಬಿಟ್ಟಬಿಡೋ ತಮ್ಮಾ."

"ನಾ ಬಿಟ್ರ ಮತ್ತೊಬ್ಬ ಹಿಡೀತಾನ ಅಕ್ಕಾ. ನಿನ್ನ ಕೈಯಾನ ಕೌಜುಗದ ಸಾರು ಉಂಡು ವರ್ಷಾತು."

ಅತ್ತೆ ಎದ್ದು ಒಳಗೆ ಹೋದರು. ಟ್ರಂಕಿನಿಂದ ಹಳೆಯ ಧೋತರಗಳನ್ನು ತೆಗೆದಿಟ್ಟರು.

ಮರುದಿನ ಬೆಳಕು ಹರಿಯುವ ಮುಂಚೆ ನನ್ನನ್ನೂ ಎಬ್ಬಿಸಿದರು. ಕಡಲೆ ಗಿಡದ ಮೇಲಿನ ಇಬ್ಬನಿ ಹುಳಿಯಾಗಿರುತ್ತದೆ. ಬಟ್ಟೆ ಹಾಸಿ, ನೆನೆದ ಮೇಲೆ ಹಿಂಡಿ, ಬಾಟಲಿಗೆ ತುಂಬಿಟ್ಟರೆ ಹೊಟ್ಟೆನೋವಿಗೆ ನಮ್ಮ ಕಡೆಯ ಔಷಧಿ. ಬಿಸಿಲೇರಿದರೆ ಸಿಗದು.

ನಾವು ಹೋದಾಗ ಮಾಮಾ ಉರುಲು ಹೂಡಿ ಬೇವಿನ ಮರದ ಹಿಂದೆ ಕೂತಿದ್ದರು. ಪಂಜರದ ಹಕ್ಕಿ ಕೂಗುತ್ತಿತ್ತು. ಕಂಟಿಯಿಂದ ಉತ್ತರವೂ ಬರುತ್ತಿತ್ತು, ಪ್ರತಿ ಸಲ ಇನ್ನಷ್ಟು ಹತ್ತಿರದಿಂದ. ಅತ್ತೆ ನೇರ ಅಲ್ಲಿಗೇ ಹೋಗಿ ಧೋತರವನ್ನು ಪಟಪಟ ಝಾಡಿಸಿದರು. ಉತ್ತರ ನಿಂತುಹೋಯಿತು. ಕಂಟಿಗೂ ಪಂಜರಕ್ಕೂ ನಡುವೆ ಬಿಳಿ ಬಟ್ಟೆಗಳನ್ನು, ಹಬ್ಬಕ್ಕೆ ಮನೆ ಸಿಂಗರಿಸಿದಷ್ಟು ನೀಟಾಗಿ, ಒಂದರ ಬಾಜು ಒಂದು ಹಾಸಿದರು.

"ಅಕ್ಕಾ, ಇಡೀ ಹೊಲಾ ಬಿಟ್ಟು ಇಲ್ಲೇ ಹಾಸಬೇಕೇನು?"

"ಇಲ್ಲೇ ಹುಳಿ ಚಲೋ ಬರ್ತೈತಿ. ನಿನ್ನ ಹೊಟ್ಟಿಗೇ ಔಷಧ ಮಾಡಾಕತ್ತೇನಿ, ಸುಮ್ನ ಕುಂದ್ರು."

ಬಟ್ಟೆ ಹಿಂಡಲೇ ಎಂದು ನಾನು ಪಿಸುಗುಟ್ಟಿದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮೆಲುದನಿ ನನ್ನದು.

"ಗಟ್ಟಿಯಾಗಿ ಮಾತಾಡಬೇ! ಗುಡಿಯಾಗ ಅದಿಯೇನು?"

ಅವತ್ತು ಅಡುಗೆ, ಅಳಿಯ, ಅಕ್ಕಿ, ಸೀರೆ ಎಲ್ಲವನ್ನೂ ಗಂಟಲು ಕಟ್ಟುವಷ್ಟು ಜೋರಾಗಿ ಮಾತಾಡಿದೆವು. ಹಿಂಡಿ ಹಿಂಡಿ ಅತ್ತೆಯ ಬೆರಳು ಕೆಂಪಾಗಿದ್ದವು, ಬಾಟಲಿಯಲ್ಲಿ ಹುಳಿ ಅರ್ಧದಷ್ಟೂ ಇರಲಿಲ್ಲ. ಬಿಸಿಲು ಬಿದ್ದ ಮೇಲೆ ಮಾಮಾ ಉರುಲು ಕಿತ್ತು ಪಂಜರಕ್ಕೆ ಬಟ್ಟೆ ಮುಚ್ಚಿದರು. ಅತ್ತೆ ಬಾಟಲಿಯನ್ನು ಅವರ ಕೈಗಿಟ್ಟರು.

"ಬರೂ ವರ್ಷ ಪಂಜರಾ ಬಿಟ್ಟು ಬಾ. ತುಂಬಿಸಿ ಕೊಡ್ತೇನಿ."

ಬದು ದಾಟುವಾಗ ಹಿಂದಿನಿಂದ ಕಂಟಿಯ ಕೌಜುಗ ಕೂಗಿತು. ಮಾಮಾ ನಿಂತುಬಿಟ್ಟರು.

"ಅಗದಿ ಜೋರ್ ಐತಿ ಬಿಡು ಮಗಾ," ಎಂದರು, ಹಕ್ಕಿಯನ್ನು ಮೆಚ್ಚಿಕೊಂಡದ್ದು ತಮಗೇ ಗೊತ್ತಾಗದಂತೆ.

"ನಡಿ, ಕಡ್ಲಿ ಪಲ್ಯೆ ಮಾಡಿ ರೊಟ್ಟಿ ಬಡೀತೇನಿ," ಎಂದರು ಅತ್ತೆ.