ಅಧ್ಯಕ್ಷರ ಭಾಷಣ ತುಂಬಿದ ಕ್ಯಾಸೆಟ್ಟು

ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಸುತ್ತಲಿನ ಊರುಗಳ ಹಾಡುಗಳನ್ನೆಲ್ಲ ಕಾಪಾಡಿಟ್ಟಿದ್ದೇವೆಂದು ಅರಕಲಗೂಡಿನ ಒಂದು ಸಂಘದವರು ಕರೆಸಿದ್ದರು. ಅಲ್ಲಿಗೆ ಕಟ್ಟಾಯದಿಂದ ಜಯಮ್ಮ ಎಂಬುವರೂ ಬಂದಿದ್ದರು. ತೀರಿಹೋದ ಅವರ ತಾಯಿ ಹಾಡಿದ್ದ ಸೋಬಾನೆ ಪದ ಆ ಸಂಗ್ರಹದಲ್ಲಿತ್ತು.

“ಒಂದ್ಸಲ ಕೇಳ್ಕಂಡು ಓಯ್ತೀನಿ ಸಾ,” ಅಂದರು.

“ಕಂಡೋರಿಗೆಲ್ಲ ಕೇಳ್ಸಕ್ಕೆ ಇದೇನು ರೇಡಿಯೋನಾ? ಅಮೂಲ್ಯ ಆಸ್ತಿ ಕಣಮ್ಮ, ದೂರ ನಿಂತ್ಕೊ,” ಎಂದರು ಸಂಘದ ಅಧ್ಯಕ್ಷರು. ಆ ಅಮೂಲ್ಯ ಆಸ್ತಿ ಮೂಲೆಯಲ್ಲಿ ಒಟ್ಟಿದ್ದ ಶಾಮಿಯಾನದ ಕಂಬಗಳ ಅಡಿಯಲ್ಲಿ, ಇಲಿ ಹಿಕ್ಕೆಯ ನಡುವೆ ಬಿದ್ದಿತ್ತು.

ತಾಯಿಯ ಹೆಸರಿದ್ದ ಕ್ಯಾಸೆಟ್ಟನ್ನು ಹುಡುಕಿ ಹಾಕಿದೆ. “ನಮ್ಮ ಸಂಸ್ಕೃತಿ ಉಳಿಸುವುದು ಎಲ್ಲರ ಹೊಣೆ” ಎಂದು ಅಧ್ಯಕ್ಷರ ದನಿ ಗುಡುಗಿತು. ಸಂಘದ ಉದ್ಘಾಟನೆಯ ದಿನ ಖಾಲಿ ಕ್ಯಾಸೆಟ್ಟು ಸಿಗದೆ ಹಾಡಿನ ಮೇಲೆಯೇ ಭಾಷಣ ರೆಕಾರ್ಡ್ ಮಾಡಿಸಿದ್ದರಂತೆ. ಅದನ್ನು ಅವರೇ ನಗುತ್ತ ಹೇಳಿದರು.

“ಎಷ್ಟ್ ಕ್ಲಿಯರ್ರಾಗೈತೆ ನೋಡಿ ಸಾ!”

ಜಯಮ್ಮ ಹೊರಟು ಹೋಗಲಿಲ್ಲ, ಭಾಷಣವನ್ನು ಪೂರ್ತಿ ಸಹಿಸಿಕೊಂಡರು. ಕ್ಯಾಸೆಟ್ಟಿನೊಳಗಿನ ಚಪ್ಪಾಳೆ ನಿಂತ ಮೇಲೆ, ಅಳಿಸದೆ ಉಳಿದಿದ್ದ ಹಾಡಿನ ಕೊನೆಯ ಸಾಲುಗಳು ಕೇಳಿಸಿದವು. ನಡುಗುವ ಹೆಣ್ಣುದನಿ, ಆಮೇಲೆ ಒಂದು ಕೆಮ್ಮು, ಒಂದು ನಗು.

“ನಮ್ಮವ್ವಂದೇ ಸಾ,” ಎಂದು ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಆ ಕೊನೇದು ಕಟ್ ಮಾಡ್ಬುಡಿ. ಭಾಷಣ ಮಾತ್ರ ಪೆನ್‌ಡ್ರೈವ್‌ಗೆ ಹಾಕ್ಕೊಡಿ,” ಎಂದರು ಅಧ್ಯಕ್ಷರು.

ಹಾಡನ್ನು ಜಯಮ್ಮನ ಮೊಬೈಲಿಗೆ ಹಾಕಿಕೊಟ್ಟೆ. ಪೆನ್‌ಡ್ರೈವಿಗೂ ಅದನ್ನೇ ತುಂಬಿದೆ. ಕಟ್ ಮಾಡಿದ್ದು ಭಾಷಣವನ್ನು. ಅಧ್ಯಕ್ಷರಿಂದ ಇವತ್ತಿನವರೆಗೂ ಒಂದು ಫೋನೂ ಬಂದಿಲ್ಲ. ಅವರ ಭಾಷಣವನ್ನು ಅವರೂ ಕೇಳುವುದಿಲ್ಲವೆಂದು ಕಾಣುತ್ತದೆ.