ಖಾಲಿ ಲಾರಿಯ ತೂಕ

ದಾಬಸ್‌ಪೇಟೆಯಲ್ಲಿ ಲಾರಿ ತೂಗುವ ರಂಗಪ್ಪನಿಗೆ ಹಳೇ ಸಸ್ಪೆನ್ಸ್ ಸಿನಿಮಾ ಅಂದ್ರೆ ಪ್ರಾಣ. ಲೋಡ್ ತೂಗುವಾಗ ಅರ್ಧ ಕಥೆ ಹೇಳ್ತಾನೆ, ಇಳಿಸಿ ಬಂದು ಖಾಲಿ ಲಾರಿ ತೂಗಿಸುವಾಗ ಉಳಿದರ್ಧ.

“ಬಾಗಿಲ ಹಿಂದೆ ಕೊಲೆಗಾರ ಇರೋದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅದೇ ಗುರು ಸಸ್ಪೆನ್ಸ್,” ಅಂತ ಅವತ್ತು ನನ್ನ ಸಿಮೆಂಟ್ ಲಾರಿಗೆ ತೂಕದ ಚೀಟಿ ಕೊಟ್ಟು ಕಳಿಸಿದ.

ಸಿಮೆಂಟ್ ಇಳಿಸಿದ ಹಮಾಲರಿಗೆ ಅಷ್ಟನ್ನೂ ಹೇಳಿದ್ದೇ ನನ್ನ ತಪ್ಪು. ಉಳಿದದ್ದು ಕೇಳೋಕೆ ಮೂವರು ಲಾರಿ ಹತ್ತಿ ಟಾರ್ಪಾಲ್ ಕೆಳಗೆ ಮಲಗಿಬಿಟ್ಟರು.

ಖಾಲಿ ಲಾರಿ ಮಾಮೂಲಿಗಿಂತ ಇನ್ನೂರು ಕೆ.ಜಿ. ಜಾಸ್ತಿ ತೂಗಿತು. ಲೆಕ್ಕದಲ್ಲಿ ಅಷ್ಟು ಸಿಮೆಂಟ್ ಇಳಿಸದೆ ನಾನು ಕದ್ದಂಗಾಯ್ತು.

“ಹಿಂದೆ ಏನಪ್ಪಾ ಐತೆ?” ಅಂದ ರಂಗಪ್ಪ.

“ಏನೂ ಇಲ್ಲಣ್ಣ,” ಅಂದೆ, ಜನ ಹತ್ತಿಸಿದ್ದಕ್ಕೆ ಬೈತಾನೆ ಅಂತ.

ಅವನು ಮೆಲ್ಲಗೆ ಟಾರ್ಪಾಲ್ ಎತ್ತಿದ. ಒಳಗಿಂದ ದನಿ ಬಂತು: “ಅಣ್ಣಾ, ಅವಳು ಬಾಗಿಲು ತೆಗೆದ್ಲಾ?”

ರಂಗಪ್ಪ ಕಿರುಚಿಕೊಂಡು ಹಿಂದಕ್ಕೆ ಹಾರಿದ. ಪಾಪ, ಅಲ್ಲಿ ಅವನೊಬ್ಬನಿಗೇ ಗೊತ್ತಿರಲಿಲ್ಲ.